ಬರೆದದ್ದನ್ನೆಲ್ಲ ಹೇಳದ ಊರಿನಲ್ಲಿ

ಹೊಸಪೇಟೆ

ನನ್ನ ತಂಗಿ ನಳಿನಿಗೆ ಇಂಗ್ಲಿಷ್ ಹೋಯಿತು ಎಂದು ಫೋನು ಬಂದಾಗ ನಾನು ಪಡಸಾಲೆಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಕರೆಂಟು ಹೋಯಿತು ಅನ್ನುವ ಹಾಗೆ ಹೇಳಿದರು ಅವಳ ಗಂಡ ಜಯಂತಿಲಾಲರು. ಹೇಳಿದ್ದು ಹಿಂದಿಯಲ್ಲಿ. ಅವರಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮ ಓಣಿಯ ಮುಸ್ಲಿಂ ಹೆಂಗಸರ ಜೊತೆ ಮಾತಾಡಿ ಮಾತಾಡಿ ಕಲಿತ ನನ್ನ ಹಿಂದಿಯೇ ನಮ್ಮಿಬ್ಬರಿಗೆ ಗತಿ.

ನಳಿನಿ ನನಗಿಂತ ಆರು ವರ್ಷ ಚಿಕ್ಕವಳು. ಇಬ್ಬರೂ ಕಂಪ್ಲಿಯಲ್ಲಿ ಹುಟ್ಟಿ ಬೆಳೆದವರು. ನಾನು ಹತ್ತನೇ ತರಗತಿಗೆ ಓದು ನಿಲ್ಲಿಸಿ ಹೊಸಪೇಟೆಗೆ ಸೊಸೆಯಾಗಿ ಬಂದೆ. ಅವಳು ಮುಂದೆ ಓದಿ, ಔಷಧಿ ಅಂಗಡಿಯ ಕೆಲಸ ಕಲಿತು ಮುಂಬೈಗೆ ಹೋದಳು. ಅಲ್ಲಿ ಪರಿಚಯವಾದವರು ಜಯಂತಿಲಾಲರು. ಗುಜರಾತಿ ಮನೆಯವರು, ಹುಟ್ಟಿದ್ದು ಆಫ್ರಿಕದಲ್ಲಿ, ಸಣ್ಣವರಿದ್ದಾಗಲೇ ಇಂಗ್ಲೆಂಡ್ ಸೇರಿದವರು. ಗಡಿಯಾರ ರಿಪೇರಿ ಅವರ ಕಸುಬು. ಮದುವೆ ಕಂಪ್ಲಿಯಲ್ಲೇ ಆಯಿತು. ಆಮೇಲೆ ಮೂವತ್ತು ವರ್ಷ ಲೆಸ್ಟರ್ ಎಂಬ ಊರಿನಲ್ಲಿ ಇಬ್ಬರೂ ಇಂಗ್ಲಿಷಿನಲ್ಲೇ ಸಂಸಾರ ಮಾಡಿದರು. ಮಕ್ಕಳಾಗಲಿಲ್ಲ. ಒಬ್ಬರಿಗೊಬ್ಬರು ಇದ್ದರು.

ಒಂದು ಬೆಳಗ್ಗೆ ಚಹಾ ಕುಡಿಯುವಾಗ ನಳಿನಿಯ ಕೈಯಿಂದ ಕಪ್ಪು ಜಾರಿತು, ಬಾಯಿ ಓರೆಯಾಯಿತು. ಲಕ್ವ. ದೇವರು ದೊಡ್ಡವನು, ಜೀವ ಉಳಿಯಿತು, ಕಾಲು ಬಂತು, ಕೈ ಅರ್ಧ ಬಂತು. ಮಾತು ಮಾತ್ರ ಹೋಗಿಬಿಟ್ಟಿತ್ತು. ಮೂರು ವಾರದ ಮೇಲೆ ಅದು ತಿರುಗಿ ಬಂದಾಗ, ಬಂದದ್ದು ಕಂಪ್ಲಿಯ ಕನ್ನಡ. ಕೆಲವರಿಗೆ ಹಾಗಾಗುತ್ತದಂತೆ, ಮೊದಲು ಕಲಿತ ಮಾತು ಮೊದಲು ಮನೆಗೆ ಬರುತ್ತದೆ, ನಂತರ ಕಲಿತದ್ದು ತಡವಾಗಿ ಬರುತ್ತದೆ, ಇಲ್ಲವೆ ಬರುವುದೇ ಇಲ್ಲ.

“ಅವಳು ಮಾತಾಡುತ್ತಾಳೆ ದೀದಿ,” ಎಂದರು ಜಯಂತಿಲಾಲರು. “ದಿನವಿಡೀ ಮಾತಾಡುತ್ತಾಳೆ. ನನಗೆ ಒಂದೂ ತಿಳಿಯುವುದಿಲ್ಲ.”

ಅವಳ ಮಾತು ಬಲ್ಲವರು ಯಾರಾದರೂ ಬಂದು ಆರು ವಾರ ಜೊತೆಗಿದ್ದರೆ ಒಳ್ಳೆಯದೆಂದು ಅಲ್ಲಿಯ ಡಾಕ್ಟರು ಹೇಳಿದ್ದರು. ನಾನಲ್ಲದೆ ಇನ್ಯಾರು. ಮುಕ್ತಿನಾಥ ಯಾತ್ರೆಗೆಂದು ಮಾಡಿಸಿದ ಪಾಸ್‌ಪೋರ್ಟು ಕಪಾಟಿನಲ್ಲಿತ್ತು.

“ಹೋಗಿ ಬಾ,” ಎಂದರು ನಮ್ಮವರು. “ಅನ್ನ ಸಾರು ನಾ ಮಾಡ್ಕೋತೀನಿ.”

“ಮಾಡೋದೇನೋ ಮಾಡ್ತೀರಿ. ಉಣ್ಣೋರು ಯಾರ್ರಿ?”

“ಬೆಕ್ಕು ಅದ ಅಲ್ಲಾ,” ಎಂದರು.

ಇಂಗ್ಲಿಷಿನ ಬಗ್ಗೆ ನನಗೆ ಮೊದಲಿನಿಂದ ಒಂದು ಅನುಮಾನವಿತ್ತು. ನಮ್ಮ ಅಕ್ಷರ ಮಾಲೆ ಪ್ರಾಮಾಣಿಕ. ಕ ಬರೆದರೆ ಕ, ಅದನ್ನು ಹೇಳಲೇಬೇಕು. ಅವರದು ಹಾಗಲ್ಲ. ನಮ್ಮೂರಿನ ಹೆಸರನ್ನೇ ಎಷ್ಟೋ ಕಾಲ ಹಾಸ್ಪೆಟ್ ಎಂದು ಬರೆದುಕೊಂಡಿದ್ದರು. ಹೊರಗಿನವರು ಅದನ್ನು ಓದಿ ಇಲ್ಲಿ ದೊಡ್ಡ ಆಸ್ಪತ್ರೆ ಇದೆಯೇ ಎಂದು ಕೇಳಿದ್ದುಂಟು. ಹಂಪಿಯ ದಾರಿಯಲ್ಲಿ ಕಡ್ಡಿರಾಂಪುರದ ಹೋಟೆಲುಗಳ ಹಲಗೆಯ ಮೇಲೆ ಒಂದೇ ತಿಂಡಿಯ ಹೆಸರು ಮೂರು ಅಂಗಡಿಯಲ್ಲಿ ಮೂರು ಥರ ಇರುತ್ತದೆ. ಆದರೂ ತಪ್ಪು ಸ್ಪೆಲ್ಲಿಂಗಿನ ಕಾರಣಕ್ಕೆ ಹಸಿದು ಹೋದ ಫಾರಿನ್ನವರನ್ನು ನಾನು ನೋಡಿಲ್ಲ. ಆ ಧೈರ್ಯದ ಮೇಲೆಯೇ ಹೊರಟೆ.

ಲಂಡನ್ನಿನ ಬಸ್ ನಿಲ್ದಾಣ

ವಿಮಾನದ ಬಗ್ಗೆ ಹೇಳುವಂಥದ್ದು ಕಡಿಮೆ. ಕಿಟಕಿಯ ಸೀಟೇ ಸಿಕ್ಕಿತು, ಆದರೆ ರೆಕ್ಕೆಯ ಮೇಲೆ. ಹತ್ತು ತಾಸು ಆ ರೆಕ್ಕೆಯನ್ನೇ ನೋಡಿದೆ. ರೆಕ್ಕೆ ಗಟ್ಟಿಯಾಗಿತ್ತು. ದಿನಕ್ಕೆ ಮೂರಾದರೂ ದೇವರ ಕೃಪೆ ಎಣಿಸಬೇಕೆಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಅದನ್ನು ಮೊದಲನೆಯದೆಂದು ಎಣಿಸಿದೆ.

ನಳಿನಿಯನ್ನು ಬಿಟ್ಟು ಬರಲಾಗದೆ ಜಯಂತಿಲಾಲರು ಬಸ್ಸಿನ ಟಿಕೆಟು ಮಾಡಿಸಿ ನನ್ನ ಫೋನಿಗೆ ಕಳಿಸಿದ್ದರು. ನಿಲ್ದಾಣ ಹುಡುಕಿಕೊಂಡು ಹೋಗಿ ಬೆಂಚಿನ ಮೇಲೆ ಕೂತೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಾದರೆ ಕಂಡಕ್ಟರು “ಸಂಡೂರ್ ಸಂಡೂರ್ ಸಂಡೂರ್” ಎಂದು ಕೂಗುತ್ತಾನೆ. ಕಣ್ಣು ಕಾಣದವರೂ ಸರಿಯಾದ ಬಸ್ಸು ಹತ್ತಬಹುದು. ಅಲ್ಲಿ ಯಾರೂ ಕೂಗುವುದಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡು ಬೋರ್ಡು ಓದುತ್ತಾರೆ. ನಾನೂ ಓದುತ್ತ ಕೂತೆ. ಲೆಸ್ಟರ್ ಎಂಬ ಹೆಸರನ್ನು ಫೋನಿನಲ್ಲಿ ಮೂವತ್ತು ವರ್ಷ ಕೇಳಿದ್ದೇನೆ, ಹೇಗೆ ಬರೆಯುತ್ತಾರೆಂದು ನನಗೆ ಗೊತ್ತಿರದೇ ಏನು? ಎಲ್, ಇ, ಎಸ್, ಟಿ. ಎದುರಿಗೆ ಒಂದು ಬಸ್ಸು ಬಂದು ನಿಂತಿತು. ಒಂದೊಂದೇ ಅಕ್ಷರ ಕೂಡಿಸಿದೆ, ಲೈಸೆಸ್ಟರ್ ಎಂದಾಯಿತು. ಅದ್ಯಾವುದೋ ಬೇರೆ ಊರು. ಬಸ್ಸು ಜನರನ್ನು ತುಂಬಿಕೊಂಡು ಹೊರಟುಹೋಯಿತು. ಪಾಪ, ಹೋಗಲಿ ಎಂದು ನೋಡುತ್ತ ಕೂತೆ.

ಒಂದು ತಾಸಾದ ಮೇಲೆ ಪಕ್ಕದಲ್ಲಿ ಕೂತಿದ್ದ ಬಿಳಿಕೂದಲಿನ ಹೆಂಗಸಿಗೆ ಫೋನು ತೋರಿಸಿದೆ. ಆಕೆ ಟಿಕೆಟು ನೋಡಿ, ನನ್ನ ಮುಖ ನೋಡಿ, ಹೋದ ಬಸ್ಸಿನ ದಿಕ್ಕಿಗೆ ಕೈ ಮಾಡಿದರು. ನನ್ನ ಲೆಸ್ಟರ್ ಅದೇ ಆಗಿತ್ತು. ಮಧ್ಯದ ಅಕ್ಷರಗಳನ್ನು ಅವರು ಹೇಳುವುದಿಲ್ಲವಂತೆ. ಅದೊಂದೇ ಅಲ್ಲ, ವುಸ್ಟರ್ ಅಂತ ಒಂದೂರು, ಗ್ಲಾಸ್ಟರ್ ಅಂತ ಇನ್ನೊಂದು, ಅವುಗಳ ಹೊಟ್ಟೆಯಲ್ಲೂ ಇಂಥ ಅಕ್ಷರಗಳೇ ಎಂದು ಕಾಗದದ ಮೇಲೆ ಬರೆದು ತೋರಿಸಿದರು.

ಯಾಕೆ ಬರೆಯುತ್ತೀರಿ ಹಾಗಾದರೆ, ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿದೆ.

“ದೇವರಿಗೇ ಗೊತ್ತು,” ಎಂದರು ಆಕೆ.

ಆ ದೇಶದಲ್ಲಿ ನಾನು ಮಾತಾಡಿಸಿದ ಮೊದಲ ಹೆಂಗಸು ದೇವರ ಹೆಸರು ತೆಗೆದರಲ್ಲ ಎಂದು ಸಮಾಧಾನವಾಯಿತು. ಮುಂದಿನ ಬಸ್ಸಿಗೆ ಆಕೆಯೇ ಡ್ರೈವರನ ಹತ್ತಿರ ಹೇಳಿ ಹತ್ತಿಸಿದರು. ಅದು ಎರಡನೆಯ ಕೃಪೆ. ತಡವಾಗಿ ಬಂದವಳನ್ನು ಜಯಂತಿಲಾಲರು ಒಂದು ಮಾತೂ ಅನ್ನಲಿಲ್ಲ, ಅದು ಮೂರನೆಯದು.

ಲೆಸ್ಟರ್, ಮೊದಲ ವಾರ

ಬಾಗಿಲಲ್ಲಿ ನಳಿನಿ ಕೋಲು ಹಿಡಿದು ನಿಂತಿದ್ದಳು. “ಬಂದ್ಯಾ ಅಕ್ಕ,” ಎಂದಳು. ಆಮೇಲೆ ಬಹಳ ಹೊತ್ತು ಹುಡುಕಿ, “ಊಟ… ಆತೇನು?” ಎಂದಳು. ಮಾತು ಬಾವಿಯಿಂದ ಕೊಡ ಸೇದಿದ ಹಾಗೆ ನಿಧಾನ ಬರುತ್ತಿತ್ತು. ಕೆಲವು ಕೊಡ ಖಾಲಿಯೇ ಮೇಲೆ ಬರುತ್ತಿದ್ದವು. ಸೌಟಿನ ಹೆಸರು ಸಿಗದೆ “ಅದು, ಹುಳಿ ಬಡಸೋದು” ಅನ್ನುತ್ತಿದ್ದಳು. ಆದರೂ ಅದು ನಮ್ಮಮ್ಮನ ಮನೆಯ ಮಾತು. ಹಿಂದೆ ನಿಂತಿದ್ದ ಜಯಂತಿಲಾಲರು ಒಮ್ಮೆ ಅವಳ ಬಾಯಿ, ಒಮ್ಮೆ ನನ್ನ ಬಾಯಿ ನೋಡುತ್ತಿದ್ದರು, ಟೆನಿಸ್ ನೋಡುವವರ ಹಾಗೆ.

ಆ ಊರಿನಲ್ಲಿ ಗುಜರಾತಿಗಳು ಬಹಳ. ಸೊಪ್ಪು ತರಕಾರಿಗೆ, ಗುಡಿಗೆ ಕೊರತೆಯಿಲ್ಲ. ಕೊರತೆ ಬಿಸಿಲಿನದು. ನಮ್ಮಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಓಡಾಡುತ್ತೇವೆ. ಅಲ್ಲಿ ಅರ್ಧ ತಾಸು ಬಿಸಿಲು ಬಿದ್ದರೆ ಪಕ್ಕದ ಮನೆಯ ಮಾರ್ಗರೆಟ್ ಎಂಬಾಕೆ ಕುರ್ಚಿ ಹಾಕಿಕೊಂಡು ಮುಖ ಎತ್ತಿ ಕೂರುತ್ತಾರೆ, ಸಂಡಿಗೆ ಒಣಗಿಸಿದ ಹಾಗೆ. ಬಚ್ಚಲಲ್ಲಿ ಬಿಸಿ ನೀರಿನ ನಲ್ಲಿ ಬೇರೆ, ತಣ್ಣೀರಿನದು ಬೇರೆ. ಎರಡನ್ನೂ ಕೂಡಿಸಲು ಒಂದು ತಂಬಿಗೆ ಬೇಕೆಂದರೆ ತಂಬಿಗೆಯೇ ಇಲ್ಲ. ಗಿಡಕ್ಕೆ ನೀರು ಹಾಕುವ ಪ್ಲಾಸ್ಟಿಕ್ ಝಾರಿಯಲ್ಲಿ ಆರು ವಾರ ಸ್ನಾನ ಮಾಡಿದೆ. ದೇವರು ಕ್ಷಮಿಸಿದ್ದಾನು.

ಬೆಳಗ್ಗೆ ನಾನು ದೇವರ ಮುಂದೆ ಕೂತು ಸ್ತೋತ್ರ ಹೇಳಿದರೆ ನಳಿನಿ ಹಿಂದೆ ಕೂತು ತಾನೂ ಹೇಳುತ್ತಿದ್ದಳು. ವಿಚಿತ್ರವೆಂದರೆ ಅಲ್ಲಿ ಎಡವುತ್ತಿರಲಿಲ್ಲ. ಸೌಟು ಸಿಗದ ಬಾಯಿಗೆ ಅಷ್ಟುದ್ದ ಸಂಸ್ಕೃತ ಸಿಗುತ್ತಿತ್ತು.

ಕನ್ನಡ ಓದುವುದೂ ಅವಳಿಗೆ ನಿಧಾನವಾಗಿ ಬರುತ್ತಿತ್ತು. ಇಂಗ್ಲಿಷ್ ಅಕ್ಷರ ಮಾತ್ರ ಇರುವೆ ಸಾಲಿನ ಹಾಗೆ ಕಾಣುತ್ತದೆ ಎಂದಳು. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಚೀಟಿಗಳ ಮೇಲೆ ಇಂಗ್ಲಿಷ್ ಮಾತುಗಳನ್ನು ಕಿವಿಗೆ ಕೇಳಿದ ಹಾಗೆ ಕನ್ನಡದಲ್ಲಿ ಬರೆದು ಸಾಮಾನಿಗೆಲ್ಲ ಅಂಟಿಸಿದೆ. ಡೋರ್, ಟ್ಯಾಪ್, ಕಪ್, ನೈಫ್. ಜಯಂತಿಲಾಲರು ಚಾಕುವಿನ ಇಂಗ್ಲಿಷನ್ನು ಪಕ್ಕದಲ್ಲಿ ಬರೆದು ತೋರಿಸಿದಾಗ ಮೊದಲಿಗೊಂದು ಕೆ ಇತ್ತು.

“ಈ ಕೆ ಏನು ಮಾಡುತ್ತದೆ?” ಎಂದು ಕೇಳಿದೆ.

“ಏನೂ ಮಾಡುವುದಿಲ್ಲ ದೀದಿ. ಸುಮ್ಮನೆ ನಿಂತಿರುತ್ತದೆ. ಆದರೆ ಅದಿಲ್ಲದಿದ್ದರೆ ತಪ್ಪು.”

ಬಾಚಣಿಗೆಯ ಕೊನೆಗೆ ಹಾಗೇ ಒಂದು ಬಿ ಇತ್ತು. ಅರ್ಧ ಎಂಬುದರ ನಡುವೆ ಒಂದು ಎಲ್ ಇತ್ತು. ಮೊಣಕಾಲಿಗೂ ಒಂದು ಕೆ. ನಾನು ಅವನ್ನೆಲ್ಲ ಬಿಟ್ಟು ಬರೆಯುತ್ತ ಹೋದೆ. ನಳಿನಿ ಒಂದೊಂದೇ ಚೀಟಿ ಓದುತ್ತ ಮನೆ ಸುತ್ತುತ್ತಿದ್ದಳು. ನಾಲ್ಕನೇ ದಿನ ಅವಳ ಬಾಯಿಂದ “ನೈಫ್” ಬಂದಾಗ ಜಯಂತಿಲಾಲರು ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟು ಕುರ್ಚಿಯ ಮೇಲೆ ಕೂತುಬಿಟ್ಟರು.

ಫೋನಿನಲ್ಲಿ ನಮ್ಮವರು ಕೇಳಿದರು: “ಏನು, ಇಂಗ್ಲಿಷ್ ಕಲತ್ಯಾ?”

“ಅಕ್ಷರ ನುಂಗೋದು ಕಲತೀನ್ರಿ. ಉಳದದ್ದು ಭಾಳ ಇಲ್ಲ.”

ಶಿವಾನ್ ಅವರ ಕೋಣೆ

ವಾರಕ್ಕೆರಡು ಸಲ ಮಾತು ಕಲಿಸುವವರ ಹತ್ತಿರ ಹೋಗುತ್ತಿದ್ದೆವು. ನಲವತ್ತರ ಹೆಂಗಸು, ಮುಖದ ತುಂಬ ಎಳ್ಳಿನಂಥ ಮಚ್ಚೆ. ಎದೆಯ ಮೇಲಿನ ಬಿಲ್ಲೆಯ ಹೆಸರು ಓದಿ “ನಮಸ್ಕಾರ ಸಿಯೋಬ್ಹನ್” ಎಂದೆ. ಆಕೆ ನಕ್ಕು, ಶಿವಾನ್ ಎಂದರು. ಬರೆದದ್ದರಲ್ಲಿ ಶಿ ಇಲ್ಲ, ವಾ ಇಲ್ಲ. ಐರ್ಲೆಂಡ್ ಕಡೆಯ ಹೆಸರಂತೆ, ಅಲ್ಲಿಯ ಲೆಕ್ಕ ಇಂಗ್ಲಿಷಿಗಿಂತ ಬೇರೆಯಂತೆ. ನಮ್ಮದು ವೈಷ್ಣವರ ಮನೆ. ಆದರೂ ಬೆಳಗ್ಗೆ ಬೆಳಗ್ಗೆ ಆ ಹೆಸರು ಬಾಯಿಗೆ ಬಂದರೆ ಕೆಟ್ಟದ್ದೇನೂ ಇಲ್ಲವೆಂದುಕೊಂಡೆ.

ನನ್ನ ಚೀಟಿಗಳನ್ನು ನೋಡಿ ಶಿವಾನ್ ಅವರಿಗೆ ಸಂತೋಷವಾಯಿತು. ನೀವು ಕೇಳಿದ್ದನ್ನೆಲ್ಲ ಬರೆಯುತ್ತೀರಾ, ಬರೆದದ್ದನ್ನೆಲ್ಲ ಹೇಳುತ್ತೀರಾ ಎಂದು ಜಯಂತಿಲಾಲರ ಮೂಲಕ ಕೇಳಿದರು. ಹೌದೆಂದೆ. ಅದೆಷ್ಟು ಸುಲಭ ಎಂದರು. ನಳಿನಿ ಕನ್ನಡದಲ್ಲಿ ಉತ್ತರ ಕೊಟ್ಟರೂ ಸರಿ, ಮಾತು ಯಾವ ಬಾಗಿಲಿನಿಂದ ಬಂದರೂ ಸರಿ ಎಂದರು. ಸ್ತೋತ್ರ ಎಡವದೆ ಬರುವ ವಿಷಯ ಹೇಳಿದಾಗ ತಲೆಯಾಡಿಸಿದರು. ತಾಳವಿರುವುದು, ಪ್ರಾಸವಿರುವುದು, ಒಟ್ಟಿಗೆ ಬಾಯಿಪಾಠವಾದದ್ದು ಬೇಗ ಬರುತ್ತದೆ, ಬಿಡಿ ಮಾತು ಕಷ್ಟವೆಂದರು.

ಮೂರನೇ ವಾರ ಫೋಟೋಗಳನ್ನು ತರಲು ಹೇಳಿದರು. ಒಂದೊಂದಾಗಿ ಮೇಜಿನ ಮೇಲಿಟ್ಟು ಹೆಸರು ಕೇಳಿದರು. ನನ್ನ ಫೋಟೋ ನೋಡಿ “ಸುಮಿತ್ರಕ್ಕ” ಎಂದಳು. ಪಕ್ಕದ ಮನೆಯವರದಕ್ಕೆ “ಮಾರ್ಗರೆಟ್” ಎಂದಳು, ಪೂರ್ತಿ ಇಂಗ್ಲಿಷಿನ ಹಾಗೆ. ನಮ್ಮವರ ಹೆಸರನ್ನೂ ಹೇಳಿದಳು, ಭಾವ ಅಂತ ಸೇರಿಸಿ. ಕೊನೆಗೆ ಜಯಂತಿಲಾಲರದು. ನಳಿನಿ ತಲೆ ತಗ್ಗಿಸಿದಳು. ತುಟಿಯ ಒಂದು ಬದಿಯಲ್ಲಿ ನಗೆ ಬಂತು. “ಇವರು,” ಎಂದಳು.

“ಹೆಸರು?” ಎಂದು ಕೇಳಿದರು ಶಿವಾನ್.

ಸುಮ್ಮನಿದ್ದಳು. ಇನ್ನೊಮ್ಮೆ ಕೇಳಿದರು. ಇನ್ನೂ ತಗ್ಗಿಸಿದಳು. ಶಿವಾನ್ ಹಾಳೆಯ ಮೇಲೆ ಏನೋ ಗುರುತು ಮಾಡಿ ಆ ಫೋಟೋವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ನಾನು ಅಲ್ಲೇ ಕೂತಿದ್ದೆ. ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಮುಚ್ಚಿಡದೆ ಬರೆಯಬೇಕು. ನೀರು ಕುಡಿದಷ್ಟು ಸಹಜವಾಗಿ ಕಂಡಿತು ನನಗೆ. ಮುಂದಿನ ಸಲವೂ ಹಾಗೇ ಆಯಿತು, ಅದರ ಮುಂದಿನ ಸಲವೂ. ಮೂರು ಗುರುತು ಬಿದ್ದವು, ನಾನು ಮೂರು ಸಲವೂ ಕೈಚೀಲ ಹಿಡಿದು ಸುಮ್ಮನೆ ಕೂತಿದ್ದೆ.

ಅಡುಗೆಮನೆಯ ಮೇಜು

ನಾನು ಹೊರಡಲು ಹತ್ತು ದಿನವಿತ್ತು. ಅಂದು ಏಕಾದಶಿ, ನನಗೆ ಒಲೆಯ ಕೆಲಸವಿರಲಿಲ್ಲ. ನಳಿನಿ ಮಲಗಿದ್ದಳು. ಜಯಂತಿಲಾಲರು ಬಿಚ್ಚಿದ ಗಡಿಯಾರವೊಂದನ್ನು ಮುಂದಿಟ್ಟುಕೊಂಡು ಏನೂ ಮಾಡದೆ ಕೂತಿದ್ದರು.

“ಮುಂದಿನ ವಾರ ಆಸ್ಪತ್ರೆಯವರೆಲ್ಲ ಕೂತು ತೀರ್ಮಾನ ಮಾಡುತ್ತಾರೆ ದೀದಿ,” ಎಂದರು. “ನೀವು ಹೋದ ಮೇಲೆ ಅವಳು ಮನೆಯಲ್ಲಿ ನನ್ನ ಜೊತೆ ಇರಬಹುದೋ, ಇಲ್ಲ ದೂರದ ಆರೈಕೆ ಮನೆಯಲ್ಲಿ ಬಿಡಬೇಕೋ ಅಂತ. ಬಿದ್ದರೆ, ನೋವಾದರೆ, ಯಾರನ್ನು ಕರೆಯಬೇಕೆಂದು ಅವಳಿಗೆ ಗೊತ್ತಿರಬೇಕಲ್ಲ.”

“ನಿಮ್ಮನ್ನು ಕರೀತಾಳೆ,” ಎಂದೆ.

“ನಾನು ಯಾರೆಂದೇ ಅವಳಿಗೆ ತಿಳಿಯದು.” ಗಡಿಯಾರದ ಸಣ್ಣ ಚಕ್ರವನ್ನು ಚಿಮಟಿಗೆಯಿಂದ ಎತ್ತಿ, ಇದ್ದಲ್ಲೇ ಇಟ್ಟರು. “ಮಾರ್ಗರೆಟ್ ಗೊತ್ತು. ನಿಮ್ಮ ಯಜಮಾನರು ಗೊತ್ತು, ಅವರನ್ನು ನೋಡಿ ಎಷ್ಟು ವರ್ಷವಾಯಿತೋ. ನನ್ನ ಫೋಟೋ ಬಂದರೆ ಮಾತ್ರ ಬಾಯಿಯಿಲ್ಲ. ಮೊದಲು ದಿನಕ್ಕೆ ನೂರು ಸಲ ಜೇ, ಜೇ ಅನ್ನುತ್ತಿದ್ದಳು. ಈಗ ದಿನವಿಡೀ ಏನೋ ಒಂದು ಶಬ್ದ, ಏನ್ರಿ, ಏನ್ರಿ ಅಂತ. ಏನದು?”

ಆಗ ಹೊಳೆಯಿತು ನನಗೆ.

“ಅದು ನೀವೇ,” ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಏನ್ರಿ ಎಂದರೆ ಅವನೊಬ್ಬನೇ, ಮನೆಯಲ್ಲಿ ಹತ್ತು ಗಂಡಸರಿದ್ದರೂ ಅವನೊಬ್ಬನೇ ತಿರುಗಿ ನೋಡುತ್ತಾನೆ ಎಂದು ನನ್ನ ಹರುಕು ಹಿಂದಿಯಲ್ಲಿ ತಿಳಿಸಿದೆ. ಇಂಗ್ಲಿಷಿನಲ್ಲಿ ಅವಳು ಜೇ ಎಂದದ್ದು ಇಂಗ್ಲಿಷಿನ ಜೊತೆಯೇ ಹೋಗಿದೆ. ಈಗ ಮಾತಾಡುತ್ತಿರುವವಳು ಕಂಪ್ಲಿಯ ಮನೆಯ ಮಗಳು, ಅವಳು ಹೇಗೆ ಹೇಳಿಯಾಳು. ನಾನಾದರೂ ನಲವತ್ತು ವರ್ಷದಿಂದ ನನ್ನ ಗಂಡನ ಹೆಸರು ಹೇಳಿದವಳಲ್ಲ. ಅದಕ್ಕೇ ನನಗೆ ತಪ್ಪು ಕಾಣಲಿಲ್ಲ, ಇಷ್ಟು ದಿನ ನಿಮ್ಮನ್ನು ಉರಿಸಿಬಿಟ್ಟೆ, ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ನಂಬಿಕೆಯೂ ಪೂರ್ತಿ ಬರಲಿಲ್ಲ. “ಹಾಗಿದ್ದರೆ ಒಮ್ಮೆ ಹೇಳಲಿ,” ಎಂದರು. “ಒಂದೇ ಸಲ.”

ಅವರು ಅಂಗಡಿಗೆ ಹೋದ ಮೇಲೆ ನಳಿನಿಯನ್ನು ಹಿಡಿದುಕೊಂಡೆ. “ಯಾಕಲೇ, ಅವರ ಹೆಸರ ಕೇಳಿದ್ರ ಹೇಳಂಗಿಲ್ಲ?”

“ಹುಚ್ಚಿ. ಅವರು… ಮುಂದ ಕುಂತಾರಲ್ಲ.”

“ಇಷ್ಟು ವರ್ಷ ಜೇ ಜೇ ಅಂದೀ?”

“ಅದು ಇಂಗ್ಲಿಷು,” ಎಂದಳು, ಇಂಗ್ಲಿಷಿನಲ್ಲಿ ಮಾಡಿದ್ದೆಲ್ಲ ಲೆಕ್ಕಕ್ಕಿಲ್ಲ ಅನ್ನುವ ಹಾಗೆ.

“ಆತು. ಈಗ ಇಲ್ಲಿ ಯಾರಿಲ್ಲ. ನನ್ನ ಮುಂದ ಹೇಳು.”

ಬಾಯಿ ತೆರೆದಳು. “ಜ,” ಎಂದಳು. ನಿಂತಿತು. ಮತ್ತೆ ತೆರೆದಳು, ಮತ್ತೆ ಜ. ಕಣ್ಣು ತುಂಬಿ ಬಂತು. ಆಗ ನನಗೂ ಭಯವಾಯಿತು. ನಾಚಿಕೆ ಎಂದು ನಾನು ತಿಳಿದದ್ದರ ಹಿಂದೆ ಹೆಸರು ನಿಜವಾಗಿಯೂ ಕಳೆದುಹೋಗಿತ್ತು. ಜಯಂತಿಲಾಲರಿಗೆ ನಾನು ಸುಳ್ಳು ಸಮಾಧಾನ ಹೇಳಿದ ಹಾಗಾಯಿತು. ಅವತ್ತು ಕೃಪೆ ಎಣಿಸಲು ಕೂತರೆ ಬೆರಳು ಒಂದಕ್ಕೇ ನಿಂತಿತು: ಅವಳು ಜ ಅಂದಿದ್ದಳು.

ಬಾಗಿಲು

ದ್ವಾದಶಿಯ ಬೆಳಗ್ಗೆ ಮೂವರೂ ಗುಡಿಗೆ ಹೋಗಿ ಬಂದೆವು. ಮಳೆ ಅನ್ನಲಾಗದ, ಮಳೆಯಲ್ಲ ಅನ್ನಲೂ ಆಗದ ಆ ಊರಿನ ತುಂತುರು. ಬೀಗ ತೆಗೆದು ನಾನು ಮೊದಲು ಒಳಗೆ ಕಾಲಿಟ್ಟೆ. ನಳಿನಿ ಕೋಲು ಊರಿ ಮೆಟ್ಟಿಲ ಮೇಲೆ ಬಂದಳು, ಅವಳ ಹಿಂದೆ ತರಕಾರಿ ಚೀಲ ಹಿಡಿದು ಜಯಂತಿಲಾಲರು. ಆ ಇಬ್ಬರನ್ನು ಹಾಗೆ ಹೊಸ್ತಿಲಾಚೆ ನೋಡಿದ್ದೇ ನನಗೆ ಕಂಪ್ಲಿಯ ಮನೆ ನೆನಪಾಯಿತು.

ನಮ್ಮಲ್ಲಿ ಹೊಸ ಮದುಮಗಳು ಬಾಗಿಲಿಗೆ ಬಂದಾಗ ಹೆಂಗಸರು ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಬರಿದೇ ಹೇಳುವ ಹಾಗಿಲ್ಲ, ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಹೆಸರನ್ನು ಇಟ್ಟು ಹೇಳಬೇಕು. ಮದುವೆಯ ಮರುದಿನ ಕಂಪ್ಲಿಯಲ್ಲಿ ನಳಿನಿಗೆ ಅಡ್ಡ ನಿಂತವಳು ನಾನೇ. ಒಡಪು ಕಟ್ಟಿಕೊಟ್ಟವಳೂ ನಾನೇ. ಎರಡು ದಿನ ಕೂತು ಬಾಯಿಪಾಠ ಮಾಡಿದ್ದಳು. ಪಕ್ಕದಲ್ಲಿ ನಿಂತಿದ್ದ ಜಯಂತಿಲಾಲರು ಏನೂ ತಿಳಿಯದೆ ಎಲ್ಲರ ಜೊತೆ ನಕ್ಕಿದ್ದರು.

ನಾನು ಬಾಗಿಲಿನ ಎರಡೂ ಕಡೆ ಕೈ ಚಾಚಿ ನಿಂತೆ.

“ಅಕ್ಕ, ಆಕಡೆ ಸರಿ,” ಎಂದಳು ನಳಿನಿ. “ಚಳಿ.”

“ಚಳಿ ಆದ್ರ ಜಲ್ದಿ ಹೇಳು. ಹೇಳದ ಬಿಡಂಗಿಲ್ಲ.”

“ಏನ… ಹೇಳ್ಲಿ?”

“ಕಂಪ್ಲಿ ಹೊಳಿಯಾಗ,” ಎಂದು ಶುರು ಮಾಡಿದೆ. ಹೊಳೆಯ ಹರಗೋಲು, ಆ ಬಿದಿರಿನ ದುಂಡು ದೋಣಿ, ಸುತ್ತುವ ಲಯದಲ್ಲೇ ಕಟ್ಟಿದ್ದೆ ಅದನ್ನು.

ಅವಳು ನನ್ನ ಮುಖವನ್ನೇ ನೋಡಿದಳು. ನಗೆ ಮೊದಲು ಸರಿಯಿದ್ದ ಬದಿಯಲ್ಲಿ ಬಂತು, ಆಮೇಲೆ ಓರೆಯಾದ ಬದಿಗೂ ಹಬ್ಬಿತು. ಕೋಲಿನ ತುದಿಯಿಂದ ಮೆಟ್ಟಿಲನ್ನು ಒಮ್ಮೆ ತಟ್ಟಿದಳು.

“ಕಂಪ್ಲಿ ಹೊಳಿಯಾಗ ಹರಗೋಲು ತಿರಗ್ಯಾವ ಮೆಲ್ಲಕ,
ಜಯಂತಿಲಾಲರ ಹಿಂದ ಬಂದೀನಿ ನಿಮ್ಮ ಬಾಗಿಲಕ.”

ಎಲ್ಲೂ ತಡೆಯಲಿಲ್ಲ. ಹರಿಯುವ ನೀರಿನ ಹಾಗೆ ಬಂತು. ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ತಿಳಿದು ಸೆರಗಿಗೆ ಕೈ ಹಾಕಿದಳು. ತೊಟ್ಟಿದ್ದು ಕೋಟು, ಅದರ ಕಾಲರನ್ನೇ ಬಾಯಿಗೆ ಎಳೆದುಕೊಂಡಳು.

ಜಯಂತಿಲಾಲರು ತರಕಾರಿ ಚೀಲವನ್ನು ಮಳೆಯಲ್ಲೇ ಕೆಳಗಿಟ್ಟರು. ತೊದಲುತ್ತ ಏನೋ ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ನನಗೆ ಹಿಂದಿಯಲ್ಲಿ, “ಇನ್ನೊಮ್ಮೆ ಕೇಳಿ ದೀದಿ,” ಎಂದರು. ನಾನು ಕೈ ತೆಗೆಯಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು, ಈ ಸಲ ನನ್ನ ಕಡೆಗಲ್ಲ, ಹಿಂದಕ್ಕೆ ತಿರುಗಿ.

ಒಳಗೆ ಬಂದು ಚಹಾ ಕಾಯಿಸುವಾಗ ಅವರು ಹೇಳಿದರು: “ಇಲ್ಲಿಗೆ ಬಂದ ವರ್ಷ ಶಾಲೆಯ ಟೀಚರಿಗೆ ನನ್ನ ಹೆಸರು ಓದಲಾಗಲಿಲ್ಲ. ಉದ್ದವಾಯಿತು ಅಂತ ಒಂದಕ್ಷರ ಇಟ್ಟುಕೊಂಡು ಉಳಿದದ್ದು ಬಿಟ್ಟರು. ಅಂದಿನಿಂದ ನಾನು ಜೇ. ಪೂರ್ತಿ ಕರೆಯುತ್ತಿದ್ದವರು ನಮ್ಮ ತಾಯಿ ಒಬ್ಬರೇ. ಅವರು ಹೋದ ಮೇಲೆ ಯಾರೂ ಇರಲಿಲ್ಲ.”

ತೀರ್ಮಾನದ ದಿನ ಶಿವಾನ್ ಫೋಟೋಗಳನ್ನು ಮತ್ತೆ ಇಟ್ಟರು. ಅವರಿಗೆ ವಿಷಯವೆಲ್ಲ ಹೇಳಿದ್ದೆವು. ನಳಿನಿ ಆ ಫೋಟೋದ ಮುಂದೆ ಕೋಲು ತಟ್ಟಿ ಒಡಪು ಹೇಳಿದಳು. ಶಿವಾನ್ ಮೂರು ಹಳೆಯ ಗುರುತುಗಳ ಮೇಲೆ ಗೆರೆ ಎಳೆದರು. ಮತ್ತೆ ಮತ್ತೆ ಕೇಳಿದರು, ನಾಲ್ಕನೇ ಸಲಕ್ಕೆ ಒಡಪು ಬೇಕಾಗಲಿಲ್ಲ; ಹೆಸರು ತಾನೇ ಒಂಟಿಯಾಗಿ ಹೊರಗೆ ಬಂತು, ತುಸು ಹೆದರಿಕೊಂಡು. ಆ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಶಿವಾನ್ ನನ್ನನ್ನು ಕೇಳಿದರು. ಐದು ಅಕ್ಷರ ಬರೆದೆ. “ಇದರಲ್ಲಿ ಸುಮ್ಮನಿರುವುದು ಯಾವುದು?” ಎಂದು ಬೆರಳಿಟ್ಟು ಕೇಳಿದರು. ಯಾವುದೂ ಇಲ್ಲವೆಂದೆ.

ನಳಿನಿ ಮನೆಯಲ್ಲೇ ಇರಬಹುದೆಂದು ಆಯಿತು.

ಹಂಪಿ

ಊರಿಗೆ ಬಂದ ಮೊದಲ ಶನಿವಾರ ನಮ್ಮವರೂ ನಾನೂ ಹಂಪಿಗೆ ಹೋಗಿ, ಚಕ್ರತೀರ್ಥದ ಹತ್ತಿರ ಪ್ರಾಣದೇವರ ಗುಡಿಯ ಮೆಟ್ಟಿಲು ಹತ್ತಿದೆವು. ತನ್ನ ಪೂರ್ತಿ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸಿ ದೀದಿ ಎಂದು ಜಯಂತಿಲಾಲರು ಕೇಳಿಕೊಂಡಿದ್ದರು. ಲೆಸ್ಟರಿನಲ್ಲಿ ಈಗ ನಳಿನಿ ದಿನಕ್ಕೆ ಹತ್ತಾರು ಇಂಗ್ಲಿಷ್ ಮಾತು ಆಡುತ್ತಾಳೆ, ಉಳಿದದ್ದು ಕನ್ನಡ. ಜಯಂತಿಲಾಲರು ನನ್ನ ಚೀಟಿಗಳನ್ನೇ ಮುಂದಿಟ್ಟುಕೊಂಡು ಕನ್ನಡ ಓದಲು ಕಲಿಯುತ್ತಿದ್ದಾರೆ. ಅದು ನಂಬುವಂಥ ಲಿಪಿ ಅನ್ನುತ್ತಾರೆ.

“ಹೆಸರು ಹೇಳ್ರಿ,” ಎಂದರು ಅರ್ಚಕರು.

“ನಳಿನಿ. ಜಯಂತಿಲಾಲ.”

“ಗೋತ್ರ?”

“ಆಕೀದು ಗೊತ್ತು, ಈಗ ಗಂಡನ ಗೋತ್ರ ಆತಲ್ರಿ. ಅವರದು ಗೊತ್ತಿಲ್ಲ.”

“ಕಾಶ್ಯಪ ಅಂತೀನಿ ತಗೋರಿ,” ಎಂದು ಸಂಕಲ್ಪ ಮಾಡಿದರು. ಕಲ್ಲಿನ ಗರ್ಭಗುಡಿಯಲ್ಲಿ ಆ ಐದಕ್ಷರ ಒಂದೂ ಬಿಡದೆ ಕೇಳಿಸಿದವು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಯಜಮಾನರ ಹೆಸರು?” ಎಂದರು. ನಾನು ಪಕ್ಕಕ್ಕೆ ನೋಡಿದೆ. ಎಂದಿನ ಹಾಗೆ ನಮ್ಮವರೇ ಕೆಮ್ಮಿ ತಮ್ಮ ಹೆಸರು ತಾವು ಹೇಳಿಕೊಂಡರು.

ಕಡ್ಡಿರಾಂಪುರ ದಾಟುವಾಗ ಆಟೋದಲ್ಲಿ ಕೇಳಿದರು: “ಊರ ಗಂಡಸರ ಹೆಸರೆಲ್ಲಾ ಹೇಳ್ತಿ. ನಂದೊಂದು ಭಾರ ಆತೇನು?”

“ಹಂಗ ಹೇಳಾಕ ಬರ್ತದೇನ್ರಿ? ಬಾಗಿಲಿಗೆ ಅಡ್ಡ ನಿಂದ್ರೋರು ಬೇಕು.”

ಹೊರಗೆ ಬಾಳೆ ತೋಟಗಳು ಹೋಗುತ್ತಿದ್ದವು.

ಮನೆಗೆ ಬಂದು ಬೀಗ ತೆಗೆದರು. ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ತೆಂಗಿನಕಾಯಿ ಹೋಳು, ಹೂವು ಹಿಡಿದುಕೊಂಡು ಹೊಸ್ತಿಲಿಗೆ ಬಂದರೆ ಅವರು ಬಾಗಿಲಿನ ಎರಡೂ ಕಡೆ ಕೈ ಚಾಚಿ ನಿಂತಿದ್ದರು. ಎದುರು ಮನೆಯ ಹೆಂಗಸರು ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಬಿಸಿಲು ಬೆನ್ನಿಗೆ ಹೊಡೆಯುತ್ತಿತ್ತು.

“ಸರೀರಿ,” ಎಂದೆ. ಸರಿಯಲಿಲ್ಲ.

ನಲವತ್ತು ವರ್ಷದ ಹಿಂದೆ ಇದೇ ಹೊಸ್ತಿಲ ಮೇಲೆ ಹೇಳಿದ ಒಡಪು ಮರೆತಿರಬಹುದೆಂದುಕೊಂಡಿದ್ದೆ. ಮರೆತಿರಲಿಲ್ಲ. ಎದುರು ಕಟ್ಟೆಗೆ ಕೇಳದಷ್ಟು ಮೆಲ್ಲಗೆ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಪೂರ್ತಿ ಹೇಳಿದೆ. ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ. ಬರೆದದ್ದನ್ನು ಹೇಳದ ಜನರ ನಡುವೆ ಆರು ವಾರ ಇದ್ದು ಬಂದವಳು ನಾನು. ಹೇಳಿದ ಒಂದನ್ನು ಬರೆಯದೆ ಇಟ್ಟುಕೊಂಡರೆ ಯಾರೂ ತಪ್ಪು ತಿಳಿಯಬಾರದು.